ಕಳಸಗಿತ್ತಿಯ ಪಾಲು

ನಮ್ಮೂರಿನಲ್ಲಿ ಒಂಟಿ ಮುಖದ ಫೋಟೋ ನಿಲ್ಲುವುದಿಲ್ಲ. ಬೆಳಿಗ್ಗೆ ತೆಗೆಸಿಕೊಂಡರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಾಳೆ ಬೆಳ್ಳಗಾಗಿರುತ್ತದೆ. ಎರಡು ಮುಖಗಳನ್ನು ಒಂದರೊಳಗೊಂದು ಕೂಡಿಸಿ ಒಂದೇ ಮುಖ ಮಾಡಿದರೆ ಮಾತ್ರ ನಿಲ್ಲುತ್ತದೆ, ಎಷ್ಟು ವರ್ಷವಾದರೂ ಅಲುಗುವುದಿಲ್ಲ. ಅದಕ್ಕೆ ನಾವು ಕೂಡುಮುಖ ಎನ್ನುತ್ತೇವೆ. ಹೊರಗಿನಿಂದ ಬಂದವರು ಇದೇನು ವಿಚಿತ್ರವೆಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅವರ ಊರುಗಳಲ್ಲಿ ಒಬ್ಬೊಬ್ಬರೇ ಗೋಡೆಯ ಮೇಲೆ ಬಿಮ್ಮನೆ ಕೂತಿರುತ್ತಾರಂತಲ್ಲ, ಅದು ವಿಚಿತ್ರವಲ್ಲವೇ?

ಒಬ್ಬರ ಮುಖ ಒಂದು ಸಲಕ್ಕೆ ಒಂದೇ ಕಡೆ ಕೂಡಿರಬೇಕು. ಇನ್ನೊಬ್ಬರ ಜೊತೆ ಕೂಡಿಸಿದ ತಕ್ಷಣ ಹಳೆಯದು, ಎಲ್ಲೇ ಇರಲಿ, ಬಿಳಿಯಾಗುತ್ತದೆ. ಹೆಣ್ಣುಮಕ್ಕಳು ಚಿಕ್ಕವರಿದ್ದಾಗ ಗೆಳತಿಯರ ಜೊತೆ ಕೂಡಿರುತ್ತಾರೆ, ಮದುವೆಯಾದ ದಿನ ಗಂಡನ ಜೊತೆ ಕೂಡುತ್ತಾರೆ. ಹಾಗಾಗಿ ನಮ್ಮೂರ ಮದುವೆಗಳಲ್ಲಿ ತಾಯಿಗಿಂತ ಗೆಳತಿ ಹೆಚ್ಚು ಅಳುತ್ತಾಳೆ. ಒಮ್ಮೆ ಒಬ್ಬ ಕಳ್ಳನ ಚಿತ್ರವನ್ನು ಸಂತೆಯಲ್ಲಿ ಅಂಟಿಸಬೇಕಾಗಿ ಬಂತು. ಅವನ ಜೊತೆ ಕೂಡಲು ಊರಿನಲ್ಲಿ ಯಾರೂ ಒಪ್ಪದೆ ಕೊನೆಗೆ ದಫೇದಾರರೇ ಕೂತರು. ಆಮೇಲೆ ಜನ ದಫೇದಾರರನ್ನು ಕಂಡಾಗಲೆಲ್ಲ ಜೇಬು ಮುಟ್ಟಿ ನೋಡಿಕೊಳ್ಳತೊಡಗಿದರು. ಮನೆಯ ಗೋಡೆಯ ಮೇಲಿನ ಕೂಡುಮುಖ ಬಿಳಿಯಾಯಿತೆಂದು ದಫೇದಾರರ ಹೆಂಡತಿ ತವರಿಗೆ ಹೋದವರು, ಕಳ್ಳ ಸಿಕ್ಕಮೇಲೆ ಬಂದು ಗಂಡನನ್ನು ಎಳೆದುಕೊಂಡು ಹೋಗಿ ಮತ್ತೆ ಕೂಡಿಸಿಕೊಂಡರು.

ಊರಿಗಿರುವುದು ಒಂದೇ ಸ್ಟುಡಿಯೋ, ಮುರುಗೇಂದ್ರಪ್ಪನವರದು. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಮುಖ ಕೂಡಿಸುವ ಕೆಲಸ ನನ್ನದು. ಒಂದು ಮುಖದ ಮೇಲೆ ಇನ್ನೊಂದನ್ನು ಪದರವಾಗಿ ಇಟ್ಟು, ಮೊದಲು ಕಣ್ಣಿಗೆ ಕಣ್ಣು ಸರಿಮಾಡಬೇಕು. ಕಣ್ಣು ಕೂತರೆ ಮೂಗು ತಾನಾಗಿ ಹತ್ತಿರ ಬರುತ್ತದೆ. ಮೇಲಿನ ಪದರವನ್ನು ಅರ್ಧ ತೆಳುವಾಗಿಸಿ, ಮೈಬಣ್ಣ ಹೊಂದಿಸಿ, ಕಿವಿ ಕೂದಲುಗಳ ಅಂಚನ್ನು ಮೆತ್ತನೆಯ ಬ್ರಷ್ಷಿನಿಂದ ಸವರಬೇಕು. ಅರ್ಧಕ್ಕರ್ಧ ಎಂಬುದು ನಿಯಮ. ಹುಡುಗನ ದೊಡ್ಡಪ್ಪ ಬಂದು "ನಮ್ಮ ಹುಡುಗನ್ದು ಸ್ವಲ್ಪ ಜಾಸ್ತಿ ಮಾಡವ್ವ" ಎಂದು ಪಿಸುಗುಟ್ಟಿ ಹೋಗುತ್ತಾರೆ, ಅವರ ಬೆನ್ನಿಗೇ ಹುಡುಗಿಯ ಸೋದರಮಾವ ಬರುತ್ತಾರೆ. ಇಬ್ಬರಿಗೂ ಆಗಲಿ ಎಂದು ತಲೆಯಾಡಿಸಿ ಅರ್ಧಕ್ಕರ್ಧವೇ ಮಾಡುತ್ತೇನೆ. ತಮ್ಮ ಕಡೆಗೇ ಜಾಸ್ತಿ ಬಂದಿದೆಯೆಂದು ಇಬ್ಬರೂ ಖುಷಿಯಾಗಿ ಹೋಗುತ್ತಾರೆ.

ನನ್ನ ಅಮ್ಮ ಹೇಮಾವತಿ ಈ ಊರಿಗೆ ಸೊಸೆಯಾಗಿ ಬಂದಾಗ ಸ್ಟುಡಿಯೋಗೆ ಕಂಪ್ಯೂಟರ್ ಆಗಷ್ಟೇ ಬಂದಿತ್ತಂತೆ. ಅಮ್ಮನಿಗೆ ಅಕ್ಕತಂಗಿಯರಿರಲಿಲ್ಲ. ಧಾರೆಯ ಹೊತ್ತಿಗೆ ಕಳಸ ಹಿಡಿದು ನಿಲ್ಲಲು ಯಾರೂ ಇಲ್ಲವಲ್ಲ ಎಂದು ಪಕ್ಕದ ಮನೆಯ ಹುಡುಗಿ ಜಲಜಾಕ್ಷಿಯನ್ನೇ ಕಳಸಗಿತ್ತಿ ಮಾಡಿದರು. ಅಪ್ಪನ ಮುಖದ ಮೇಲೆ ಬಾಸಿಂಗ, ಬಾಸಿಂಗದ ಮೇಲೆ ಮಲ್ಲಿಗೆಯ ಜಾಲರಿ. ಮುರುಗೇಂದ್ರಪ್ಪನವರು ಹೊಸ ಯಂತ್ರದ ಮುಂದೆ ಬೆವರುತ್ತ ಕೂತು, ಮದುಮಗಳ ಪಕ್ಕದಲ್ಲಿ ಚೊಕ್ಕವಾಗಿ ಕಂಡ ಮುಖವನ್ನು ಹಿಡಿದು ಕೂಡಿಸಿಬಿಟ್ಟರು. ಅಚ್ಚಾಗಿ ಬಂದಮೇಲೆ ನೋಡಿದರೆ ಮೀಸೆಯೇ ಇಲ್ಲ! ಮದುಮಗಳು ಕಳಸಗಿತ್ತಿಯ ಜೊತೆ ಕೂಡಿಹೋಗಿದ್ದಳು. ಮದುವೆ ಮನೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ. ಚಿತ್ರ ಮಾತ್ರ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಮುಂದಿನ ಹಬ್ಬಕ್ಕೆ ಗಂಡಹೆಂಡಿರನ್ನು ಸರಿಯಾಗಿ ಕೂಡಿಸಿದರಾಯಿತು ಎಂದುಕೊಂಡರು. ಆ ಹಬ್ಬ ಹೋಗಿ ಇನ್ನೊಂದು ಹಬ್ಬ ಬಂತು, ನಡುವೆ ನಾನು ಹುಟ್ಟಿದೆ. ನನಗೆ ಹಲ್ಲು ಬರುವ ಕಾಲಕ್ಕೆ ಅಮ್ಮ ಕಾಮಾಲೆಯಾಗಿ ತೀರಿಕೊಂಡಳು.

ಅಪ್ಪ ಬಸ್ ಕಂಡಕ್ಟರ್. ನಾಲ್ಕು ದಿನ ನೋಡಿಕೊಳ್ಳಿ ಎಂದು ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಡ್ಯೂಟಿಗೆ ಹೋದವನು ಬೇರೆ ಊರಿನಲ್ಲಿ ಬೇರೆ ಮದುವೆಯಾದ. ಅಲ್ಲಿ ಒಂಟಿ ಮುಖವೂ ನಿಲ್ಲುತ್ತದಂತೆ, ಸುಖವಾಗಿರಲಿ. ನಾನು ಜಲಜತ್ತೆಯ ಮಡಿಲಿನಲ್ಲಿ ಉಳಿದೆ. ಅವಳು ನನಗೆ ರಕ್ತದಿಂದ ಏನೂ ಆಗಬೇಕಿಲ್ಲ. ಅಮ್ಮನ ಮುಖವೆಂಬುದು ಈ ಭೂಮಿಯ ಮೇಲೆ ಉಳಿದದ್ದು ಆ ಒಂದು ಕೂಡುಮುಖದಲ್ಲಿ, ಅದೂ ಅರ್ಧ.

ಆಗ ಜಲಜತ್ತೆಗೆ ಮದುವೆ ಗೊತ್ತಾಗಿತ್ತು. ಹುಡುಗ ಎದುರು ಬೀದಿಯ ಗೋಲಿ ಸೋಡಾ ಅಂಗಡಿಯ ಪಾಲಾಕ್ಷಪ್ಪ. ವೀಳ್ಯಶಾಸ್ತ್ರವೂ ಆಗಿತ್ತು. ನಮ್ಮೂರಿನಲ್ಲಿ ತಾಳಿ ಕಟ್ಟಿದರೆ ಮದುವೆ ಅರ್ಧ ಆದಂತೆ, ಕೂಡುಮುಖ ಬಿದ್ದರೇ ಪೂರ್ತಿ. ಜಲಜತ್ತೆ ಪಾಲಾಕ್ಷಪ್ಪನ ಜೊತೆ ಕೂಡಿದ ಗಳಿಗೆಯಲ್ಲೇ ನನ್ನ ಅಮ್ಮ ಗೋಡೆಯ ಮೇಲಿಂದ ಬಿಳಿಯಾಗಿ ಹೋಗುತ್ತಿದ್ದಳು.

"ಮಗು ಮುಖ ಕಲೀಲಿ. ಅವ್ರಮ್ಮ ಹೆಂಗಿದ್ಲು ಅಂತ ಗೊತ್ತಾಗ್ಲಿ. ಆಮೇಲೆ ನೋಡಣ" ಎಂದಳಂತೆ ಜಲಜತ್ತೆ.

"ಆಗ್ಲಿ, ಕಲೀಲಿ" ಎಂದನಂತೆ ಪಾಲಾಕ್ಷಪ್ಪ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಊರೆಲ್ಲ ಮರುಗಿತು. ಅವನು ಮಾತ್ರ ಸೋಡಾ ತುಂಬುತ್ತ ಕೂತ.

ನಾನು ಮುಖ ಕಲಿತೆ. ಬೆಳಿಗ್ಗೆ ಎದ್ದರೆ ಜಲಜತ್ತೆ ನನ್ನನ್ನು ಎತ್ತಿಕೊಂಡು ಗೋಡೆಯ ಹತ್ತಿರ ಹೋಗಿ "ಅಮ್ಮಂಗೆ ಜೋತ ಮಾಡು" ಎಂದು ಕೈ ಮುಗಿಸುತ್ತಿದ್ದಳು. ನಾನು ಗಾಜಿಗೆ ಎಂಜಲು ಮೆತ್ತುತ್ತಿದ್ದೆ, ಅವಳು ಸೆರಗಿನಲ್ಲಿ ಒರೆಸುತ್ತಿದ್ದಳು. ಆ ಮನೆಯ ಬೆಳಗುಗಳು ಈಗಲೂ ನನ್ನ ಮೂಗಿನಲ್ಲಿವೆ. ಸೀಗೆಕಾಯಿ, ಹುರಿದ ಹುಚ್ಚೆಳ್ಳು, ಒಲೆಯ ಮೇಲಿನ ಹುರುಳಿ. ಸಂಜೆಯಾದರೆ ಎದುರು ಬೀದಿಯಿಂದ ಗೋಲಿ ಒಳಗೆ ಬೀಳುವ ಚೀಂಯ್ ಸದ್ದು. ಪಾಲಾಕ್ಷಪ್ಪ, ನನ್ನ ಸೋಡಾಮಾಮ, ನನಗೆ ನಿಂಬೆಯದು, ಶುಂಠಿಯದು, ಹಸಿರು ಬಣ್ಣದ ಯಾವುದೋ ಒಂದು, ಎಲ್ಲ ಕುಡಿಸುತ್ತಿದ್ದ. ಮನೆಗೆ ಬಂದು ತೇಗಿದರೆ ಜಲಜತ್ತೆ "ಆ ಮನುಷ್ಯನಿಗೆ ಬುದ್ಧಿ ಇಲ್ಲ, ಮಗೂಗೆ ನೆಗಡಿ ಆಗುತ್ತೆ" ಎಂದು ಬೈಯುತ್ತಿದ್ದಳು. ಬೈದು ಮುಗಿಸಿ "ಏನಂದ್ರು?" ಎಂದು ಕೇಳುತ್ತಿದ್ದಳು.

ಪ್ರತಿ ಯುಗಾದಿಗೂ ಪಾಲಾಕ್ಷಪ್ಪ ಒಂದು ಪೆಟ್ಟಿಗೆ ಸೋಡಾ ಹೊತ್ತು ನಮ್ಮ ಜಗಲಿಗೆ ಬರುತ್ತಿದ್ದ. ಬೇವುಬೆಲ್ಲ ತಿಂದು, ಮಳೆಯ ಬಗ್ಗೆ ಮಾತಾಡಿ, ಎದ್ದು ನಿಂತಮೇಲೆ ಕೇಳುತ್ತಿದ್ದ. "ಮತ್ತೆ, ಮಗು ಕಲೀತಾ?"

"ಕಲ್ತವ್ಳೆ. ಮರೀದಂಗೆ ಆಗ್ಲಿ" ಎನ್ನುತ್ತಿದ್ದಳು. ಇನ್ನೊಂದು ವರ್ಷ "ಸ್ಕೂಲು ಸೇರ್ಲಿ" ಎನ್ನುತ್ತಿದ್ದಳು. ಮತ್ತೊಂದು ವರ್ಷ "ದೊಡ್ಡೋಳಾಗ್ಲಿ". ನಾನು ದೊಡ್ಡವಳಾದೆ, ಸ್ಟುಡಿಯೋ ಸೇರಿದೆ. ಶಾಲೆಯ ಗೆಳತಿಯ ಜೊತೆ ಕೂಡಿದ್ದ ನನ್ನ ಮುಖ ಅವಳ ಮದುವೆಯ ದಿನ ಬಿಳಿಯಾಯಿತು. ಅತ್ತು, ಹೋಳಿಗೆ ತಿಂದು ಬಂದೆ. ಬರಬರುತ್ತ ಪಾಲಾಕ್ಷಪ್ಪ ಕೇಳುವುದನ್ನೂ ಬಿಟ್ಟ. ಪೆಟ್ಟಿಗೆ ಇಳಿಸಿ, ಗೋಡೆಯ ಕಡೆ ಒಮ್ಮೆ ನೋಡಿ, ಹೊರಡುತ್ತಿದ್ದ. ಅವನ ಕೂದಲು ನೆರೆಯಿತು. ಅವನು ಯಾರ ಜೊತೆಗೂ ಕೂಡಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಅವನ ಮುಖವಿರಬೇಕಾದ ಜಾಗ ಖಾಲಿ ಇತ್ತು.

ಪ್ಲಾಸ್ಟಿಕ್ ಬಾಟಲಿಯ ತಂಪು ಪಾನೀಯಗಳು ಬಂದು ಗೋಲಿ ಸೋಡಾ ಕೇಳುವವರಿಲ್ಲವಾದರು. ಒಂದು ದಿನ ಮಧ್ಯಾಹ್ನ ಪಾಲಾಕ್ಷಪ್ಪ ಜಗಲಿಗೆ ಬಂದು ಕೂತ. ಅದು ಯುಗಾದಿಯಾಗಿರಲಿಲ್ಲ.

"ಅಂಗಡಿ ಮುಚ್ತಾ ಇದೀನಿ ಜಲಜಮ್ಮ. ತಂಗಿ ಊರಿಗೆ ಹೋಗ್ತೀನಿ. ಅಲ್ಲಿ ಅವಳ ಮನೇಲಿ ಒಂದು ರೂಮಿದೆಯಂತೆ. ಅಮಾವಾಸ್ಯೆ ಕಳೀಲಿ ಅಂದವ್ಳೆ."

"ಒಳ್ಳೇದಾಯ್ತು" ಎಂದಳು ಜಲಜತ್ತೆ ಒಳಗಿನಿಂದ. "ಈ ವಯಸ್ಸಿನಲ್ಲಿ ಒಬ್ರೇ ಯಾಕಿರ್ಬೇಕು. ಹೋಗಿ ಬನ್ನಿ."

ಆ ರಾತ್ರಿಯ ಸಾರಿಗೆ ಅವಳು ಎರಡು ಸಲ ಉಪ್ಪು ಹಾಕಿದ್ದಳು. ತಾನೂ ಉಂಡಳು, ನನಗೂ ಬಡಿಸಿದಳು, ಉಪ್ಪಾಗಿದೆಯೆಂದು ಅವಳಿಗೆ ತಿಳಿಯಲೇ ಇಲ್ಲ. ನಾನು ನೀರು ಕುಡಿದೂ ಕುಡಿದೂ ಅವಳ ಮುಖ ನೋಡುತ್ತ ಕೂತೆ. ಈ ಮದುವೆ ಆಗದಿದ್ದರೆ ನನ್ನ ಜನ್ಮ ದಂಡ ಎನ್ನಿಸಿತು.

ಮರುದಿನ ಮುರುಗೇಂದ್ರಪ್ಪನವರನ್ನು ಕೇಳಿದೆ. "ಸಾರ್, ಕೂಡುಮುಖದಿಂದ ಒಂದು ಮುಖಾನ ಹೊರಗೆ ತೆಗೀಬಹುದಾ?"

ಅವರು ಕನ್ನಡಕ ತೆಗೆದರು. "ಹಾಲಿಗೆ ನೀರು ಬೆರೆಸೋಕೆ ಯಾರಾದ್ರೂ ಸಾಕು. ಬೇರೆ ಮಾಡೋಕೆ ಹಂಸ ಬೇಕಲ್ಲವ್ವ."

"ಅಮ್ಮನ್ನ ತೆಗೆದು ನನ್ನ ಜೊತೆ ಕೂಡಿಸ್ತೀನಿ ಸಾರ್. ಆಗ ಅಮ್ಮ ನಿಲ್ತಾಳೆ, ಅತ್ತೆ ಬಿಡುಗಡೆ ಆಗ್ತಾಳೆ."

"ತೆಗೆದಿದ್ದು ನಿಮ್ಮಮ್ಮನ ಮುಖವೇ ಅಂತ ಹೆಂಗೆ ಹೇಳ್ತೀಯ? ಅರ್ಧಂಬರ್ಧ ತೆಗೆದು ನಿನ್ನ ಜೊತೆ ಸೇರಿಸಿದ್ಯೋ, ಹಳೇದು ಬೆಳ್ಳಗಾಗುತ್ತೆ. ಹೊಸದರಲ್ಲಿ ಯಾರೋ ಕೂತಿರ್ತಾಳೆ. ಆಮೇಲೆ ತಲೆ ಮೇಲೆ ಕೈ ಹೊತ್ಕೊಂಡ್ರೂ ಹೇಮಾವತಿ ಬರಲ್ಲ." ಕನ್ನಡಕ ಒರೆಸಿಕೊಳ್ಳುತ್ತ, "ಆವತ್ತು ನಾನೊಂಚೂರು ಸರಿಯಾಗಿ ನೋಡಿದ್ದಿದ್ರೆ…" ಎಂದು ಅರ್ಧಕ್ಕೇ ನಿಲ್ಲಿಸಿದರು.

ಅವರು ಹೇಳಿದ್ದು ನಿಜ. ಜಲಜತ್ತೆಯ ಪಾಲು ಯಾವುದೆಂದು ಪೂರ್ತಿ ತಿಳಿದರೆ ಅದನ್ನು ಕಳೆದು ಉಳಿದದ್ದನ್ನು ಅಮ್ಮ ಎನ್ನಬಹುದು. ಆದರೆ ಚಿತ್ರದಲ್ಲಿದ್ದದ್ದು ಹರೆಯದ ಜಲಜತ್ತೆ. ಈಗಿನ ಅವಳ ಕೆನ್ನೆ ಇಳಿದಿದೆ, ಕಣ್ಣಿನ ಸುತ್ತ ಗೆರೆ ಬಿದ್ದಿದೆ. ಆಗಿನ ಮುಖದ ಒಂಟಿ ಫೋಟೋ ನಮ್ಮೂರಿನಲ್ಲಿ ಎಲ್ಲಿಂದ ಬರಬೇಕು? ಅದು ಯಾರಿಗಾದರೂ ನೆನಪಿರಬೇಕಿತ್ತು ಅಷ್ಟೆ. ಯಾರಿಗೆ ಎಂದು ಯೋಚಿಸಬೇಕಾಗಲಿಲ್ಲ. ಎದ್ದು ಸೀದಾ ಸೋಡಾ ಅಂಗಡಿಗೆ ಹೋದೆ.

ಜಲಜತ್ತೆ ರಾಗಿ ಬೀಸಿಸಲು ಗಿರಣಿಗೆ ಹೋಗಿದ್ದ ಹೊತ್ತು ನೋಡಿ ಗೋಡೆಯ ಮೇಲಿಂದ ಚಿತ್ರ ಇಳಿಸಿಕೊಂಡು ಸ್ಟುಡಿಯೋಗೆ ಬಂದೆ. ಸ್ಕ್ಯಾನ್ ಮಾಡಿ ಪರದೆಯ ಮೇಲೆ ದೊಡ್ಡದಾಗಿಸಿದೆ. ಪಾಲಾಕ್ಷಪ್ಪ ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಪಕ್ಕದ ಸ್ಟೂಲಿನ ಮೇಲೆ ಮದುವೆಗೆ ಬಂದವನಂತೆ ಕೂತಿದ್ದ. ನಾನು ಚಿತ್ರದ್ದೇ ಒಂದು ಪ್ರತಿ ಮಾಡಿ, "ಇದನ್ನ ಅತ್ತೆ ಮಾಡಬೇಕು ಸೋಡಾಮಾಮ. ನೀನು ಹೇಳ್ತಾ ಹೋಗು, ನಾನು ತಿದ್ತೀನಿ" ಎಂದೆ.

ಮೊದಮೊದಲು ನಾಚಿಕೊಂಡ. "ಚೆನ್ನಾಗಿದ್ಲು" ಎಂದ.

"ಚೆನ್ನಾಗಿದ್ಲು ಅನ್ನೋ ಬಟನ್ ಇದ್ರಲ್ಲಿ ಇಲ್ಲ. ಹುಬ್ಬು ಹೆಂಗಿತ್ತು ಹೇಳು."

"ತೆಳ್ಳಗೆ. ಮೂಗಿನ ಹತ್ರ ಬರೋಕೆ ಮುಂಚೆ ನಿಂತ್ಬಿಡ್ತಿತ್ತು." ಅಷ್ಟು ಹೇಳಿದ್ದೇ ತಡ, ಆಮೇಲೆ ಅವನನ್ನು ನಿಲ್ಲಿಸುವವರಿರಲಿಲ್ಲ. ಮೂಗಿನ ಸೇತುವೆ ಒಂಚೂರು ತಗ್ಗು ಎಂದ. ಬಲಗಣ್ಣು ಎಡಗಣ್ಣಿಗಿಂತ ಕೂದಲೆಳೆಯಷ್ಟು ಚಿಕ್ಕದು, ಬಿಸಿಲಿನಲ್ಲಿ ನಿಂತಾಗ ಮಾತ್ರ ಗೊತ್ತಾಗುತ್ತಿತ್ತು ಎಂದ. ಗದ್ದದಲ್ಲಿ ಬಾಲ್ಯದಲ್ಲಿ ಬಿದ್ದ ಗಾಯದ ಸಣ್ಣ ಗೆರೆ ಇತ್ತೆಂದ, ನಾನು ಅದನ್ನು ಅಮ್ಮನದೆಂದುಕೊಂಡು ಬೆಳೆದಿದ್ದೆ. ಕೆನ್ನೆಯನ್ನು ನಾನು ತುಂಬಿಸಿದರೆ "ಅಷ್ಟಿಲ್ಲ, ಅಷ್ಟಿಲ್ಲ, ಬಡವ್ರ ಮನೆ ಹುಡುಗಿ ಕಣವ್ವ" ಎಂದು ಕೈಯಾಡಿಸಿದ. ಮುಖ್ಯವಾಗಿ ತುಟಿ. "ನಗು ಬಂದ್ರೆ ನಗ್ತಿರ್ಲಿಲ್ಲ ಅವ್ಳು. ಎಡಗಡೆ ತುಟಿ ತುದೀನ ಹಿಂಗೆ ಒಳಗೆ ಮಡಚ್ಕೊಳ್ತಿದ್ಲು. ನಾನು ಅದನ್ನ ನೋಡೋಕೇ ಸುಳ್ಳುಸುಳ್ಳೇ ಜೋಕು ಹೇಳ್ತಿದ್ದೆ." ತನ್ನ ನೆರೆತ ಮೀಸೆಯ ಕೆಳಗೆ ಮಡಚಿ ತೋರಿಸಿದ. ನನಗೆ ನಗು ಬಂತು, ಅಳುವೂ ಬಂತು.

ಮಧ್ಯಾಹ್ನ ತಿರುಗುವ ಹೊತ್ತಿಗೆ ಒಂದು ಹುಡುಗಿ ಪರದೆಯ ಮೇಲೆ ಕೂತಿದ್ದಳು. ಪಾಲಾಕ್ಷಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಇವ್ಳೇ" ಎಂದ.

ಆ ಮುಖವನ್ನು ಕೂಡುಮುಖದಿಂದ ಕಳೆದೆ. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಪಕ್ಕದಲ್ಲಿ ಇನ್ನೊಂದು ಮುಖ ತಂದಿಟ್ಟಿತು. ದುಂಡು ಮುಖ, ಅಗಲ ಹಣೆ, ನೇರ ತುಟಿ. ನಾನು ನನ್ನ ಅಮ್ಮನನ್ನು ಮೊದಲ ಸಲ ನೋಡಿದೆ. ನಿಜ ಹೇಳುತ್ತೇನೆ, ನನಗೆ ಗುರುತು ಸಿಗಲಿಲ್ಲ. ದಿನಾ ಬೆಳಿಗ್ಗೆ ಜೋತ ಮಾಡಿದ ಮುಖ ಇದಾಗಿರಲಿಲ್ಲ. ಯಾರದೋ ಮನೆಯ ಸೊಸೆಯನ್ನು ಬಾಗಿಲಲ್ಲಿ ಕಂಡಂತೆ ನೋಡುತ್ತ ಕೂತೆ, ಎದೆಯೊಳಗೆ ಭಯವಾಯಿತು. ಎಲ್ಲಾದರೂ ಕೈತಪ್ಪಿದ್ದರೆ? ಪಾಲಾಕ್ಷಪ್ಪನಿಗೆ ಜಲಜತ್ತೆ ನೆನಪು. ಅಮ್ಮ ಅಷ್ಟು ಚೆನ್ನಾಗಿ ನೆನಪಿರುವುದು ಅವಳೊಬ್ಬಳಿಗೇ.

ಕರೆಯಲು ಹೋಗಬೇಕಾಗಲಿಲ್ಲ. ಸ್ಟುಡಿಯೋದ ಬಾಗಿಲು ದಢಾರನೆ ತೆರೆಯಿತು.

"ಗೋಡೆ ಮೇಲಿದ್ದೋಳು ಎಲ್ಲೇ?" ಜಲಜತ್ತೆ ಬರಿಗಾಲಿನಲ್ಲಿ ಬಂದಿದ್ದಳು, ತಲೆಗೂದಲ ಮೇಲೆ ರಾಗಿ ಹಿಟ್ಟು. "ಯಾರನ್ನ ಕೇಳಿ ಇಳ್ಸಿದೆ? ಕೈ ಮುರೀತೀನಿ ನೋಡು!" ಆಮೇಲೆ ಪಾಲಾಕ್ಷಪ್ಪನನ್ನು ಕಂಡಳು. ಆಮೇಲೆ ಪರದೆಯನ್ನು ಕಂಡಳು.

ಇಬ್ಬರು ಹುಡುಗಿಯರು ಪಕ್ಕಪಕ್ಕದಲ್ಲಿ ಕೂತು ಅವಳನ್ನು ನೋಡುತ್ತಿದ್ದರು. ತನ್ನ ಮುಖದ ಕಡೆ ಅವಳು ಕಣ್ಣೂ ಹಾಯಿಸಲಿಲ್ಲ. ಇನ್ನೊಂದರ ಹತ್ತಿರ ಹೋಗಿ, ಗಾಜಿನ ಮೇಲೆ ಬೆರಳಿಟ್ಟು, "ಹೇಮಾ" ಎಂದಳು. "ಲೇ ಹೇಮಾ. ಹಿಂಗೇ ಇದ್ಯಲ್ಲೇ." ಮುರುಗೇಂದ್ರಪ್ಪನವರು ಗೋಡೆಯ ಕಡೆ ತಿರುಗಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕಣ್ಣೊರೆಸಿಕೊಂಡು "ಹಣೆ ಅಷ್ಟು ಅಗಲ ಇರ್ಲಿಲ್ಲ. ಒಂಚೂರು ಕಮ್ಮಿ ಮಾಡು" ಎಂದಳು. ಕಮ್ಮಿ ಮಾಡಿದೆ. "ಹಾಂ. ಅಷ್ಟೇ."

"ಅತ್ತೆ, ದೀಪ ಹಚ್ಚೋ ಹೊತ್ತಿಗೆ ಈ ಮುಖ ಹೋಗುತ್ತೆ" ಎಂದೆ. "ಅಷ್ಟರೊಳಗೆ ನನ್ನ ಜೊತೆ ಕೂಡಿಸ್ಬೇಕು. ಕೂಡಿಸಿದ್ರೆ ಗೋಡೆ ಚಿತ್ರ ಹೋಗುತ್ತೆ. ನೀನು ಹೂಂ ಅನ್ಬೇಕು."

"ಯಾಕೆ? ನಿಂಗೆ ಮದ್ವೆ ಆಗ್ಬೇಡ್ವಾ? ನಿನ್ನ ಮುಖ ಇಲ್ಲಿ ಸಿಕ್ಕಾಕೊಂಡ್ರೆ ನಾಳೆ ನಿನ್ನ ಗತಿ?"

"ನಾಳೆ ಬಂದೋನಿಗೆ ನಾಳೆ ಹೇಳ್ತೀನಿ. ನಮ್ಮಮ್ಮನ್ನ ಕಾಯೋ ಪಾಳಿ ಇನ್ನು ನಂದು. ನಿಂದು ಮುಗೀತು."

"ನಂಗೆ ಈ ವಯಸ್ಸಲ್ಲಿ ಮದ್ವೆ ಕಟ್ಕೊಂಡು ಏನಾಗ್ಬೇಕೆ, ಊಟಕ್ಕಿಲ್ಲದ ಉಪ್ಪಿನಕಾಯಿ…"

"ಜಲಜಾ" ಎಂದ ಪಾಲಾಕ್ಷಪ್ಪ. ಜಲಜಮ್ಮ ಎನ್ನದೆ ಹಾಗೆ ಕರೆದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. "ಮಗು ಕಲ್ತಾಯ್ತಲ್ಲ."

ಅವಳು ನನ್ನ ಹತ್ತಿರ ಬಂದು, ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ನನ್ನ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. "ಬೊಟ್ಟು ಓರೆಯಾಗಿದೆ" ಎಂದು ಸರಿಮಾಡಿದಳು. ಅದೇ ಅವಳ ಹೂಂ. ಮುರುಗೇಂದ್ರಪ್ಪನವರು ಕ್ಯಾಮೆರಾ ತಂದರು. "ಈ ಸಲ ಸರಿಯಾಗಿ ನೋಡಿ ತೆಗೀರಿ ಸಾರ್" ಎಂದು ನಾನು ರೇಗಿಸಿದೆ, ಅವರು ಎರಡೆರಡು ಸಲ ನೋಡಿ ಕ್ಲಿಕ್ಕಿಸಿದರು. ಅಮ್ಮನ ಮೇಲೆ ನನ್ನನ್ನಿಟ್ಟೆ. ಕಣ್ಣಿಗೆ ಕಣ್ಣು ತಂದೆ. ಅರ್ಧ ತೆಳುವಾಗಿಸಿದೆ. ಅಂಚು ಸವರಿದೆ. ಕೊನೆಯ ಬಟನ್ ಒತ್ತಿದಾಗ ಜಲಜತ್ತೆಯ ತೊಡೆಯ ಮೇಲಿದ್ದ ಹಳೆಯ ಚಿತ್ರ ಸದ್ದಿಲ್ಲದೆ ಬೆಳ್ಳಗಾಯಿತು. ಅವಳು ಖಾಲಿ ಗಾಜನ್ನು ಸೆರಗಿನಿಂದ ಒಂದು ಸಲ ಒರೆಸಿದಳು. ನಾನು ಅಮ್ಮ ಎಂದು ಕರೆದಿದ್ದ ಆ ಮುಖ ಇನ್ನೆಲ್ಲೂ ಇಲ್ಲ.

ಹೊಸ ಕೂಡುಮುಖ ಪ್ರಿಂಟರಿನಿಂದ ಬಂತು. ಅಮ್ಮ ಮತ್ತು ನಾನು. ನಾಲ್ವರೂ ತಲೆಗೆ ತಲೆ ತಾಗಿಸಿಕೊಂಡು ಬಗ್ಗಿ ನೋಡಿದೆವು. ಪಾಲಾಕ್ಷಪ್ಪ ತುಂಬ ಹೊತ್ತು ನೋಡಿ, ತುಟಿಯ ಎಡತುದಿಯ ಮೇಲೆ ಬೆರಳಿಟ್ಟ.

"ಇಲ್ಲಿ ಉಳ್ಕೊಂಡಿದೆ ನೋಡವ್ವ. ಜಲಜನ್ನ ಪೂರ್ತಿ ತೆಗೆದಿಲ್ಲ ನೀನು."

ಹೌದು, ತುಟಿಯ ತುದಿ ಒಳಕ್ಕೆ ಮಡಚಿಕೊಂಡಿತ್ತು. ಓಡಿಹೋಗಿ ಅಮ್ಮನ ಪದರ ತೆರೆದೆ. ಅಮ್ಮನ ತುಟಿ ನೇರವಾಗಿತ್ತು. ಆಮೇಲೆ ನನ್ನ ಪದರ ತೆರೆದೆ. ಮುರುಗೇಂದ್ರಪ್ಪನವರನ್ನು ರೇಗಿಸಿದ ನಗುವನ್ನು ತಡೆದುಕೊಂಡು ಕೂತ ನನ್ನ ಮುಖ. ಎಡಗಡೆಯ ತುಟಿ ಒಳಗೆ ಮಡಚಿತ್ತು. ನನಗೆ ಹಾಗೊಂದು ಅಭ್ಯಾಸವಿದೆಯೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

"ಇದು ಅಮ್ಮಂದಲ್ಲ ಸೋಡಾಮಾಮ. ನಂದು."

"ನಿಂದು ಹೆಂಗಾಗುತ್ತೆ? ಇವ್ಳ ಹೊಟ್ಟೇಲಿ ಹುಟ್ಟಿದ್ಯಾ ನೀನು?" ಎಂದವನು ಜಲಜತ್ತೆಯ ಕಡೆ ತಿರುಗಿದ.

ಜಲಜತ್ತೆ ಒಮ್ಮೆ ಪರದೆಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಅದು ಹೇಮಂದಲ್ವಲ್ಲೇ. ಅಳಿಸ್ಬಿಡ್ತೀಯಾ?" ಎಂದು ಮೆಲ್ಲಗೆ ಕೇಳಿದಳು.

ಬ್ರಷ್ಷಿನ ಒಂದು ಎಳೆತ ಸಾಕಾಗುತ್ತಿತ್ತು. ನಾನು ಮೌಸ್ ಬಿಟ್ಟು, ಎದ್ದು, ಕ್ಯಾಮೆರಾದ ಮುಂದಿನ ಬೆಂಚನ್ನು ಕೈಯಿಂದ ಕೊಡವಿದೆ.

"ಅಳಿಸಲ್ಲ. ಇಬ್ರೂ ಬಂದು ಇಲ್ಲಿ ಕೂತ್ಕೊಳಿ" ಎಂದೆ.